ಬಾಯಾರಿದ ಜೋಳ ಏನು ಮಾಡುತ್ತದೆ?

ಹತ್ತಿಕುಣಿ ಜಲಾಶಯದ ನೀರು ಸುತ್ತಲಿನ ಎಲ್ಲ ಹೊಲಗಳಿಗೂ ಮುಟ್ಟುವುದಿಲ್ಲ. ಮಳೆಗಾಲದ ಕೊನೆಗೆ ಬಿತ್ತಿದ ಹಿಂಗಾರಿ ಬಿಳಿಜೋಳ ಎರೆಮಣ್ಣು ಹಿಡಿದಿಟ್ಟ ತೇವವನ್ನೇ ನಂಬಿ ಬೆಳೆಯಬೇಕು. ತೆನೆ ಕಾಳುಗಟ್ಟುವ ಹೊತ್ತಿಗೆ ನೆಲ ಬಿರುಕು ಬಿಟ್ಟಿರುತ್ತದೆ.

ಮಕ್ಕಳೇ, ಆಗ ಮಧ್ಯಾಹ್ನ ಹೊಲಕ್ಕೆ ಹೋಗಿ ನೋಡಿ. ಜೋಳದ ಎಲೆಗಳು ಒಳಕ್ಕೆ ಸುರುಳಿಕೊಂಡಿರುತ್ತವೆ. ಬಿಸಿಲಿಗೆ ಒಡ್ಡಿದ ಮೈ ಕಡಿಮೆಯಾದರೆ ನೀರು ಆರುವುದೂ ಕಡಿಮೆ. ದಂಟನ್ನು ಉಜ್ಜಿದರೆ ಬೆರಳಿಗೆ ಬಿಳಿ ಪುಡಿ ಹತ್ತುತ್ತದೆ. ಅದು ನೀರನ್ನು ಹೊರಬಿಡದ ಮೇಣ.

ಒಳಗಡೆಯೂ ಕೆಲಸ ನಡೆದಿರುತ್ತದೆ. ಹೆಚ್ಚಿದ ಸೌತೆಕಾಯಿಗೆ ಉಪ್ಪು ಹಚ್ಚಿಟ್ಟರೆ ತಟ್ಟೆಯಲ್ಲಿ ನೀರು ನಿಲ್ಲುತ್ತದಲ್ಲ? ಕರಗಿದ ವಸ್ತು ಹೆಚ್ಚಿರುವ ಕಡೆಗೆ ನೀರು ಸರಿಯುತ್ತದೆ. ಶಹಾಪುರ, ಸುರಪುರದ ಕಡೆ ನಾರಾಯಣಪುರ ಎಡದಂಡೆ ಕಾಲುವೆಯ ನೀರು ಹೆಚ್ಚಾಗಿ ಸವಳಾದ ಹೊಲಗಳಿವೆ. ಅಲ್ಲಿ ತೇವವಿದ್ದರೂ ಮಣ್ಣಿನ ಉಪ್ಪು ಬೇರಿಗೆ ನೀರು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಒಣಗಿದ ಎರೆಮಣ್ಣೂ ಉಳಿದ ನೀರನ್ನು ಬಿಗಿಯಾಗಿ ಹಿಡಿದಿರುತ್ತದೆ. ಜೋಳ ಆಗ ಪ್ರೋಲೀನ್, ಗ್ಲೈಸಿನ್ ಬೀಟೇನ್ ಎಂಬ ವಸ್ತುಗಳನ್ನು ತಯಾರಿಸಿ ಜೀವಕೋಶಗಳಲ್ಲಿ ತುಂಬಿಕೊಳ್ಳುತ್ತದೆ. ಇವು ನೀರನ್ನು ಒಳಗೇ ಉಳಿಸುತ್ತವೆ, ಆದರೆ ಉಪ್ಪಿನಂತೆ ಕೋಶಕ್ಕೆ ಕೇಡು ಮಾಡುವುದಿಲ್ಲ. ಬಾಡುತ್ತಿರುವ ಗಿಡದಲ್ಲಿ ಪ್ರೋಲೀನ್ ಹೆಚ್ಚುವುದನ್ನು ವಿಜ್ಞಾನಿಗಳಾದ ಕೆಂಬಲ್ ಮತ್ತು ಮ್ಯಾಕ್‌ಫರ್ಸನ್ 1954ರಲ್ಲಿ ತೋರಿಸಿದ್ದು ರೈಗ್ರಾಸ್ ಎಂಬ ಹುಲ್ಲಿನಲ್ಲಿ.

ನನಗೆ ಎಲ್ಲಕ್ಕಿಂತ ಸೋಜಿಗವೆನಿಸುವುದು ಇನ್ನೊಂದು ಸಂಗತಿ. ನೀರು ಉಳಿಸಲೆಂದು ಎಲೆ ತನ್ನ ಸಣ್ಣ ರಂಧ್ರಗಳನ್ನು ಮುಚ್ಚಿಕೊಳ್ಳುತ್ತದೆ. ಆಗ ಆಹಾರ ತಯಾರಿಸಲು ಬೇಕಾದ ಇಂಗಾಲದ ಡೈಆಕ್ಸೈಡ್ ಕೂಡ ಸಾಕಷ್ಟು ಒಳಗೆ ಬರುವುದಿಲ್ಲ. ಬಿಸಿಲು ಮಾತ್ರ ಸುರಿಯುತ್ತಲೇ ಇರುತ್ತದೆ. ಎಲೆ ಹೀರಿಕೊಂಡೂ ಬಳಸಲಾಗದ ಶಕ್ತಿಯಿಂದಾಗಿ ಕೆಲವು ಎಲೆಕ್ಟ್ರಾನುಗಳು ಆಮ್ಲಜನಕಕ್ಕೆ ದಾಟಿ ಸೂಪರಾಕ್ಸೈಡ್ ಹುಟ್ಟುತ್ತದೆ. ನಮ್ಮ ಉಸಿರಿನ ಆಮ್ಲಜನಕವೇ ಈ ರೂಪದಲ್ಲಿ ಜೀವಕೋಶವನ್ನು ಕೆಡಿಸಬಲ್ಲದು!

ಗಿಡ ಓಡಿಹೋಗಿ ನೆರಳಿಗೆ ನಿಲ್ಲುವಂತಿಲ್ಲ. ಅದಕ್ಕೇ ಅದರ ಕೋಶಗಳಲ್ಲಿ ಕಿಣ್ವಗಳಿವೆ. ಸೂಪರಾಕ್ಸೈಡ್ ಡಿಸ್ಮ್ಯುಟೇಸ್ ಎಂಬ ಕಿಣ್ವ ಸೂಪರಾಕ್ಸೈಡನ್ನು ಹೈಡ್ರೋಜನ್ ಪೆರಾಕ್ಸೈಡ್ ಆಗಿ ಬದಲಿಸುತ್ತದೆ. ಅದೂ ಅಪಾಯದ್ದೇ. ಕ್ಯಾಟಲೇಸ್ ಅದನ್ನು ನೀರು ಮತ್ತು ಆಮ್ಲಜನಕವಾಗಿ ಒಡೆಯುತ್ತದೆ. ಸಿ ಜೀವಸತ್ವವನ್ನು ಬಳಸಿ ಅದನ್ನು ನೀರಾಗಿಸುವ ಕಿಣ್ವವೂ ಇದೆ. ನೆಲ್ಲಿಕಾಯಿಯಲ್ಲಿ ಹೇರಳವಾಗಿರುತ್ತದಲ್ಲ, ಅದೇ ಜೀವಸತ್ವ!

ಕ್ಯಾಟಲೇಸಿನ ಕೆಲಸವನ್ನು ನೀವೇ ನೋಡಬಹುದು. ಔಷಧಿ ಅಂಗಡಿಯಲ್ಲಿ ಗಾಯ ತೊಳೆಯಲು ಕೊಡುವ ಹೈಡ್ರೋಜನ್ ಪೆರಾಕ್ಸೈಡನ್ನು ಟೀಚರ್ ಕೈಯಿಂದ ಹಸಿ ಆಲೂಗಡ್ಡೆ ಹೋಳಿನ ಮೇಲೆ ಕೆಲವು ಹನಿ ಹಾಕಿಸಿ. ಬುರುಬುರು ನೊರೆ ಏಳುತ್ತದೆ. ಆ ಗುಳ್ಳೆಗಳಲ್ಲಿರುವುದು ಆಮ್ಲಜನಕ. ಚೆನ್ನಾಗಿ ಬೇಯಿಸಿದ ಹೋಳಿನ ಮೇಲೆ ಹಾಕಿದರೆ ಹಾಗೆ ನೊರೆ ಬರುವುದಿಲ್ಲ. ಕುದಿಯುವ ಶಾಖಕ್ಕೆ ಕ್ಯಾಟಲೇಸ್ ಕೆಟ್ಟುಹೋಗಿರುತ್ತದೆ.