ಶಾಲೆಯ ಪ್ರಾರ್ಥನೆ, ಮನೆಯ ಒಪ್ಪಿಗೆ

ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಯ ಕನ್ನಡ ಮನೆಗಳ ಅನೇಕ ಮಕ್ಕಳು ಕ್ರೈಸ್ತ ಸಂಸ್ಥೆಗಳ ಶಾಲೆಗಳಲ್ಲಿ ಓದುತ್ತಾರೆ. "ಚರ್ಚಿನ ಯುವಕರು ಬಂದು ಪ್ರಾರ್ಥನೆ ಹೇಳಿಸುತ್ತಾರಂತೆ" ಎಂದು ಅಜ್ಜಿಯಂದಿರಿಗೆ ಕಳವಳ. ಸಂವಿಧಾನದ 28ನೇ ವಿಧಿಯಲ್ಲಿ ಉತ್ತರವಿದೆ. ಪೂರ್ತಿ ಸರಕಾರಿ ಹಣದಲ್ಲೇ ನಡೆಯುವ ಶಾಲೆಯಲ್ಲಿ ಯಾವ ಧರ್ಮಬೋಧನೆಯೂ ಸಲ್ಲದು. ಅನುದಾನಿತ ಅಥವಾ ಮಾನ್ಯತೆ ಪಡೆದ ಶಾಲೆಯಲ್ಲಿ ಇರಬಹುದು; ಆದರೆ ಪೋಷಕರ ಒಪ್ಪಿಗೆಯಿಲ್ಲದೆ ಮಗುವನ್ನು ಅದಕ್ಕೆ ಕೂರಿಸುವಂತಿಲ್ಲ. ಬೇರೆ ಧರ್ಮದವರ ಶಾಲೆಯಲ್ಲಿ ಓದುವ ಕ್ರೈಸ್ತ ಮಗುವನ್ನೂ ಇದೇ ವಿಧಿ ಕಾಯುತ್ತದೆ.

1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಧರ್ಮವನ್ನೂ ಸಾರಿತು, ಶಾಲೆಗಳನ್ನೂ ಕಟ್ಟಿತು. 1894ರ ಕಿಟೆಲ್ ನಿಘಂಟೂ ಅದರ ಕೊಡುಗೆ. ಆ ಋಣ ಮರೆಯದಿರೋಣ. ಶಾಲೆಗೆ ಬರುವ ಯುವಕರು ಮೊದಲು ಮನೆಯವರನ್ನು ಕೇಳಲಿ. ನಾವೂ ಸಂಶಯ ಬಿಟ್ಟು ಶಾಲೆಯವರನ್ನೇ ಕೇಳೋಣ.