ಬಲೆ ಬಿಚ್ಚಿದ ಊರು



ಕಳ್ಳಬೇಟೆಯನ್ನು ತಡೆಯುವುದು ಅರಣ್ಯ ಇಲಾಖೆಯ ಹೊಣೆ, ಊರಿನವರಿಗೆ ಅದರಲ್ಲೇನು ಕೆಲಸ ಎಂಬ ಮಾತು ಮಲೆನಾಡಿನಲ್ಲಿ ಆಗಾಗ ಕೇಳಿಬರುತ್ತದೆ. ಅದಕ್ಕೆ ನಾಗಾಲ್ಯಾಂಡಿನ ಪಾಂಗ್ತಿ ಎಂಬ ಗುಡ್ಡಗಾಡಿನ ಹಳ್ಳಿಯು ಒಂದೇ ವರ್ಷದಲ್ಲಿ ಉತ್ತರ ನೀಡಿತು.

ಅಮೂರ್ ಚಾಣವು ಸುಮಾರು 150 ಗ್ರಾಂ ತೂಗುವ ಪುಟ್ಟ ಬೇಟೆಹಕ್ಕಿ. ಪೂರ್ವ ಸೈಬೀರಿಯಾ, ಉತ್ತರ ಚೀನಾಗಳಲ್ಲಿ ಮರಿಮಾಡಿ, ಆಫ್ರಿಕಾದ ದಕ್ಷಿಣ ಭಾಗಕ್ಕೆ ವಲಸೆ ಹೋಗುತ್ತದೆ. ಮಾರ್ಗಮಧ್ಯದಲ್ಲಿ, ಅಕ್ಟೋಬರ್-ನವೆಂಬರ್ ತಿಂಗಳುಗಳಲ್ಲಿ, ವೋಖಾ ಜಿಲ್ಲೆಯ ದೋಯಾಂಗ್ ಜಲಾಶಯದ ಬಳಿ ಲಕ್ಷಗಟ್ಟಲೆಯಾಗಿ ತಂಗುತ್ತದೆ. ಅಲ್ಲಿ ರೆಕ್ಕೆಬಂದ ಗೆದ್ದಲುಗಳನ್ನು ತಿಂದು, ಅರಬ್ಬೀ ಸಮುದ್ರವನ್ನು ದಾಟಲು ಬಲ ತುಂಬಿಕೊಳ್ಳುತ್ತದೆ.

2012ರ ಅಕ್ಟೋಬರಿನಲ್ಲಿ ಕನ್ಸರ್ವೇಷನ್ ಇಂಡಿಯಾ ತಂಡವು ಅಲ್ಲಿಗೆ ಹೋದಾಗ, ಮೀನಿನ ಬಲೆಗಳು ಹಕ್ಕಿಗಳ ದಾರಿಗೆ ಗೋಡೆಗಳಂತೆ ಎದ್ದು ನಿಂತಿದ್ದವು. ದಿನವೊಂದಕ್ಕೆ 12,000ದಿಂದ 14,000 ಹಕ್ಕಿಗಳು ಸಾಯುತ್ತಿದ್ದವೆಂದು ತಂಡವು ಅಂದಾಜಿಸಿತು. ಬಲೆ ಕಟ್ಟಿದವರನ್ನು ಕ್ರೂರಿಗಳೆಂದು ಜರೆಯುವುದು ಸುಲಭ. ಆದರೆ ಅವರಲ್ಲಿ ಅನೇಕರು ಜಲಾಶಯಕ್ಕೆ ಹೊಲಗದ್ದೆ ಕಳೆದುಕೊಂಡು ಮೀನುಗಾರಿಕೆಗೆ ಇಳಿದವರು. ಮುಳುಗಡೆಯೆಂದರೇನೆಂದು ಶರಾವತಿ ಕಣಿವೆಯ ಜನರಿಗೆ ವಿವರಿಸಬೇಕಿಲ್ಲ.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಆಗಲೂ ಜಾರಿಯಲ್ಲಿತ್ತು. ಆದರೂ ಬಲೆಗಳು ಇಳಿದದ್ದು ಗ್ರಾಮಸಭೆಯೇ ಬೇಟೆಯನ್ನು ನಿಷೇಧಿಸಿ ದಂಡ ಗೊತ್ತುಮಾಡಿದ ಮೇಲೆ. ಚರ್ಚುಗಳು ದನಿಗೂಡಿಸಿದವು. ಶಾಲಾಮಕ್ಕಳ ಪರಿಸರ ಕೂಟಗಳು ಹುಟ್ಟಿದವು. ಬಲೆ ಕಟ್ಟಿದ ಕೈಗಳೇ ಕಾವಲಿಗೆ ನಿಂತವು. 2013ರ ಋತುವು ಹತ್ಯೆಯಿಲ್ಲದೆ ಕಳೆಯಿತು. ಆ ನವೆಂಬರಿನಲ್ಲಿ ಉಪಗ್ರಹ ಸಾಧನ ತೊಡಿಸಿದ ಮೂರು ಹಕ್ಕಿಗಳಿಗೆ ನಾಗಾ, ವೋಖಾ, ಪಾಂಗ್ತಿ ಎಂದು ಹೆಸರಿಡಲಾಯಿತು. ಹಳ್ಳಿಯ ಹೆಸರು ಹೊತ್ತ ಹಕ್ಕಿಯು ಆಫ್ರಿಕಾವನ್ನು ತಲುಪಿತು.

ಮಲೆನಾಡಿನಲ್ಲಿ ಆ ಬಲೆಯ ಜಾಗದಲ್ಲಿರುವುದು ತಂತಿಯ ಉರುಳು. ಬೈಕಿನ ಕ್ಲಚ್ ಅಥವಾ ಬ್ರೇಕ್ ತಂತಿಯೊಂದು ಸಾಕು. ಕಾಡುಹಂದಿಗೆಂದು ಬೇಲಿಯ ಕಂಡಿಯಲ್ಲಿ ಒಡ್ಡಿದ ಉರುಳಿಗೆ ಚಿರತೆಯೂ ಹುಲಿಯೂ ಬೀಳುತ್ತವೆ. ಒಡ್ಡಿದವನು ಮರೆತರೂ ಉರುಳು ಮರೆಯುವುದಿಲ್ಲ. ಕಾಯಿದೆಯ ಪ್ರಕಾರ ಉರುಳೊಡ್ಡುವುದೂ ಬೇಟೆಯೇ.

ಬೇಲಿಯ ಯಾವ ಕಂಡಿಯಲ್ಲಿ ಪ್ರಾಣಿ ನುಸುಳುತ್ತದೆಂಬುದು ಊರಿನ ಯುವಕ ಯುವತಿಯರಿಗೆ ಗೊತ್ತು. ಆ ಅರಿವೇ ಅವರ ಆಯುಧವಾಗಬೇಕು. ಹಗಲಿನಲ್ಲಿ, ತೋಟದವರ ಒಪ್ಪಿಗೆ ಪಡೆದು, ಇಬ್ಬರು ಮೂವರು ಕೂಡಿ ಬೇಲಿಯ ಗುಂಟ ನಡೆದು ನೋಡಬೇಕು. ಉರುಳು ಕಂಡರೆ ಅರಣ್ಯ ಕಚೇರಿಗೆ ತಿಳಿಸಬೇಕು. ಸಿಕ್ಕಿಬಿದ್ದ ಪ್ರಾಣಿಯ ಹತ್ತಿರ ಸುಳಿಯಬಾರದು. ರಾತ್ರಿ ಬೇಟೆಗಾರರನ್ನು ಅಡ್ಡಗಟ್ಟುವ ಸಾಹಸವೂ ಸಲ್ಲದು.

ಇಷ್ಟೇ ಮಾಡಿದರೆ ಊರು ಅವರನ್ನು ಚಾಡಿಕೋರರೆಂದೀತು. ಹಂದಿ ಗದ್ದೆಯನ್ನು ಹಾಳುಗೆಡವಿದ ಬೆಳಿಗ್ಗೆ ಆ ರೈತನ ಮನೆಗೆ ಮೊದಲು ಹೋಗುವವರು, ಬೆಳೆಹಾನಿ ಪರಿಹಾರದ ಅರ್ಜಿಯನ್ನು ಬರೆದುಕೊಡುವವರು ಅವರೇ ಆಗಬೇಕು. ರೈತನ ನಷ್ಟದಲ್ಲಿ ಪಾಲುಗೊಂಡವರ ಮಾತಿಗೆ ಬೆಲೆಯಿರುತ್ತದೆ. ಅಂಥವರು ಕೇಳಿದಾಗ ಉರುಳನ್ನು ಒಡ್ಡಿದವನೇ ಅದನ್ನು ಬಿಚ್ಚಿಯಾನು.