ಡೀಸೆಲ್ ಸುಲಿಗೆಗೆ ಕಾನೂನಿನ ಕಡಿವಾಣ
(ರೈತರ ಸಭೆಗಾಗಿ ಸಿದ್ಧಪಡಿಸಿದ ಭಾಷಣದ ಪಾಠ)



ಮುಂಗಾರಿನ ಮೊದಲ ಮಳೆ ಬಿದ್ದು ಭೂಮಿ ಹದಕ್ಕೆ ಬಂದಾಗ ರೈತನಿಗೆ ಒಂದೊಂದು ದಿನವೂ ಅಮೂಲ್ಯ. ಅದೇ ಹೊತ್ತಿಗೆ ಬಂಕಿನಲ್ಲಿ ಡೀಸೆಲ್ ಮುಗಿದರೆ ಟ್ರ್ಯಾಕ್ಟರ್ ನಿಲ್ಲುತ್ತದೆ, ಹದ ಆರುತ್ತದೆ. ಆಗ ಕ್ಯಾನುಗಳಲ್ಲಿ ಡೀಸೆಲ್ ಕೂಡಿಟ್ಟವನು ಹೇಳಿದ್ದೇ ಬೆಲೆ. ಲೀಟರಿಗೆ 10 ರೂಪಾಯಿ ಹೆಚ್ಚು ತೆತ್ತರೆ 40 ಲೀಟರಿಗೆ 400 ರೂಪಾಯಿ ನಷ್ಟ. ಈ ಸುಲಿಗೆಯನ್ನು ಕಾನೂನು ಹೇಗೆ ತಡೆಯುತ್ತದೆ, ಅದರ ಉಪಯೋಗವನ್ನು ರೈತ ಹೇಗೆ ಪಡೆಯಬೇಕು ಎಂಬುದೇ ಇಂದಿನ ವಿಷಯ.

ಈ ತೊಂದರೆ ಒಂದೇ ದೇಶದ್ದಲ್ಲ. 1978-79ರ ಚಳಿಗಾಲದಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಮನೆ ಬೆಚ್ಚಗಿಡಲು ಬಳಸುವ ಎಣ್ಣೆಯ ಅಭಾವ ತಲೆದೋರಿ ಬೆಲೆ ಏರಿತು. ಪೂರೈಕೆ ಕೆಟ್ಟ ಕಾಲದಲ್ಲಿ ಮಿತಿಮೀರಿದ ಬೆಲೆ ಕೇಳಬಾರದೆಂದು ಆ ರಾಜ್ಯವು 1979ರಲ್ಲಿ ಕಾನೂನು ಮಾಡಿತು. ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ತುರ್ತು ಪರಿಸ್ಥಿತಿ ಘೋಷಣೆಯಾದ ಮೇಲೆ ಇಂಧನವೇ ಮುಂತಾದ ಅಗತ್ಯ ವಸ್ತುಗಳ ಬೆಲೆಯನ್ನು ಶೇಕಡಾ 10ಕ್ಕಿಂತ ಹೆಚ್ಚು ಏರಿಸುವುದು ಅಪರಾಧ. ತನ್ನ ಖರ್ಚೇ ಹೆಚ್ಚಿತೆಂದು ವ್ಯಾಪಾರಿ ರುಜುವಾತು ಮಾಡಿದರೆ ಮಾತ್ರ ವಿನಾಯಿತಿ.

ಭಾರತದ ವ್ಯವಸ್ಥೆ ಬೇರೆ. ಡೀಸೆಲ್ ಬೆಲೆಯ ಮೇಲಿನ ಸರ್ಕಾರಿ ನಿಯಂತ್ರಣ 2014ರ ಅಕ್ಟೋಬರಿನಲ್ಲಿ ತೆರವಾಯಿತು. 2017ರ ಜೂನ್ 16ರಿಂದ ತೈಲ ಕಂಪನಿಗಳು ದಿನದಿನದ ದರ ಪ್ರಕಟಿಸುವ ಪದ್ಧತಿ ಬಂದಿತು. ಆದರೆ ಮಾರುವವನಿಗೆ ಮನಬಂದ ಬೆಲೆ ಪಡೆಯುವ ಸ್ವಾತಂತ್ರ್ಯ ಸಿಕ್ಕಿಲ್ಲ. 1955ರ ಅಗತ್ಯ ವಸ್ತುಗಳ ಅಧಿನಿಯಮದ ಅಡಿಯಲ್ಲಿ 2005ರಲ್ಲಿ ಹೊರಡಿಸಿದ ಪೆಟ್ರೋಲ್-ಡೀಸೆಲ್ ಆದೇಶವು ಹೆಚ್ಚು ಬೆಲೆ ವಸೂಲಿ, ಕಡಿಮೆ ಅಳತೆ, ಕಲಬೆರಕೆ, ಅನಧಿಕೃತ ಮಾರಾಟ ಇವೆಲ್ಲವನ್ನೂ ಅಕ್ರಮವೆಂದು ಸಾರಿದೆ. ಕ್ಯಾನಿನ ವ್ಯಾಪಾರಿಯೂ ಇದರಿಂದ ಹೊರತಲ್ಲ.

ಬೆಲೆ ಸರಿಯಿದ್ದು ಅಳತೆ ಕಡಿಮೆಯಾದರೂ ಅದು ಸುಲಿಗೆಯೇ. 5 ಲೀಟರಿಗೆ 100 ಮಿಲಿಲೀಟರ್ ಕಡಿಮೆಯಾದರೆ 40 ಲೀಟರಿಗೆ 800 ಮಿಲಿಲೀಟರ್ ಹೋಯಿತು. ಆದುದರಿಂದ ರೈತರು ಈ ಅಂಶಗಳನ್ನು ಗಮನದಲ್ಲಿಡಬೇಕು:

1. ಡೀಸೆಲ್ ಹಾಕಿಸುವ ಮುನ್ನ ಯಂತ್ರದಲ್ಲಿ ಸೊನ್ನೆ ಇದೆಯೇ, ದರವು ಫಲಕದಲ್ಲಿರುವಷ್ಟೇ ಇದೆಯೇ ಎಂದು ನೋಡಬೇಕು.

2. ಸಂಶಯ ಬಂದರೆ ಬಂಕಿನಲ್ಲಿರುವ 5 ಲೀಟರ್ ಅಳತೆ ಪಾತ್ರೆಯಲ್ಲಿ ಅಳೆದು ತೋರಿಸಲು ಕೇಳಬೇಕು. 25 ಮಿಲಿಲೀಟರಿಗಿಂತ ಹೆಚ್ಚಿನ ವ್ಯತ್ಯಾಸವಿರಬಾರದು. ಪಾತ್ರೆಯ ಮೇಲೂ ಯಂತ್ರದ ಮೇಲೂ ಇಲಾಖೆಯ ಮುದ್ರೆ ಇರಬೇಕು. ಯಂತ್ರಕ್ಕೆ ಪ್ರತಿ ವರ್ಷ ಮುದ್ರೆ ಹಾಕಿಸುವುದು ಕಡ್ಡಾಯ.

3. ಕಲಬೆರಕೆಯ ಅನುಮಾನವಿದ್ದರೆ ಸಾಂದ್ರತೆ ಪರೀಕ್ಷೆ ಮಾಡಿಸಬಹುದು. 15 ಡಿಗ್ರಿ ಸೆಲ್ಸಿಯಸ್‌ಗೆ ಲೆಕ್ಕಹಾಕಿದ ಸಾಂದ್ರತೆಯು ಬಂಕಿನ ಪುಸ್ತಕದಲ್ಲಿ ಬರೆದಿರುವುದಕ್ಕಿಂತ ಘನ ಮೀಟರಿಗೆ 3 ಕಿಲೋಗ್ರಾಂಗೂ ಹೆಚ್ಚು ವ್ಯತ್ಯಾಸವಾದರೆ ಮುಂದಿನ ತನಿಖೆ ಅಗತ್ಯ.

4. ರಸೀದಿ ಪಡೆಯದೆ ಹೊರಡಬಾರದು. ರಸೀದಿ ಇಲ್ಲದ ದೂರಿಗೆ ಬಲ ಕಡಿಮೆ.

ಅಳತೆಯ ದೂರನ್ನು ರಾಜ್ಯದ ಕಾನೂನು ಮಾಪನಶಾಸ್ತ್ರ ಇಲಾಖೆಗೆ, ಅಕ್ರಮ ದಾಸ್ತಾನು ಮತ್ತು ಕಾಳಸಂತೆಯ ದೂರನ್ನು ಆಹಾರ ಮತ್ತು ನಾಗರಿಕ ಸರಬರಾಜು ಇಲಾಖೆಗೆ ಕೊಡಬೇಕು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಪರಿಹಾರ ಬೇಕಾದವರು 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದಂತೆ ಜಿಲ್ಲಾ ಆಯೋಗಕ್ಕೆ ಹೋಗಬಹುದು. ಕೊಟ್ಟ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ಅಲ್ಲಿ ಶುಲ್ಕವಿಲ್ಲ.

ಇನ್ನೊಂದು ಮಾತನ್ನೂ ತಿಳಿದಿರಬೇಕು. ಡೀಸೆಲ್ ಮೇಲೆ ರಾಜ್ಯಗಳು ತಮ್ಮದೇ ತೆರಿಗೆ ಹಾಕುವುದರಿಂದ ಗಡಿಯ ಆಚೆ ಈಚೆ ದರ ಬೇರೆಯಾಗಿರುತ್ತದೆ. ಅದಕ್ಕೆ ಬಂಕಿನವನು ಹೊಣೆಯಲ್ಲ. ತೆರಿಗೆಯ ಭಾರವನ್ನು ಈ ಕಾನೂನುಗಳು ಇಳಿಸಲಾರವು; ಫಲಕದ ದರಕ್ಕಿಂತ ಹೆಚ್ಚು ಕಿತ್ತುಕೊಳ್ಳುವುದನ್ನು ಮಾತ್ರ ತಡೆಯಬಲ್ಲವು.

ಹಾಗೆ ತಡೆಯಬೇಕಾದರೂ ಯಾರಾದರೊಬ್ಬರು ದೂರು ಕೊಡಬೇಕು. ಬಿತ್ತನೆಯ ಅವಸರದಲ್ಲಿ ಒಬ್ಬ ರೈತ ಬಂಕಿನವನನ್ನು ಎದುರು ಹಾಕಿಕೊಳ್ಳಲು ಹಿಂಜರಿಯುವುದು ಸಹಜ. ಹತ್ತು ಜನ ಒಟ್ಟಾಗಿ ಸಹಿ ಹಾಕಿದರೆ ಆ ಹಿಂಜರಿಕೆ ಇರದು. ವಿಸ್ತರಣಾ ಕಾರ್ಯಕರ್ತರು ಅರ್ಜಿ ಬರೆದುಕೊಟ್ಟು, ಸಂಬಂಧಪಟ್ಟ ಕಚೇರಿಯ ವಿಳಾಸವನ್ನು ಪಂಚಾಯಿತಿ ಫಲಕದಲ್ಲಿ ಹಾಕಿಸಿದರೆ ದೊಡ್ಡ ಉಪಕಾರ. ಬೀಜ ಗೊಬ್ಬರಕ್ಕೆ ಮುಂಚಿತವಾಗಿ ಯೋಜನೆ ಹಾಕುವ ರೈತ ಡೀಸೆಲ್ಲಿನ ಲೆಕ್ಕವನ್ನೂ ಮುಂಚೆಯೇ ಹಾಕಲಿ. ಕೊಟ್ಟ ಹಣಕ್ಕೆ ತಕ್ಕ ಅಳತೆಯನ್ನು ಕೇಳಿ ಪಡೆಯಲಿ.